ಕಿವಿ ಪಕ್ಕದ ಕೀಲು

ಕೆನಡಾದ ಉತ್ತರದಲ್ಲಿ, ಹಡ್ಸನ್ ಕೊಲ್ಲಿಯ ನೆತ್ತಿಯ ಮೇಲೆ, ಸೌತಾಂಪ್ಟನ್ ಎಂಬ ದ್ವೀಪವಿದೆ. ಮರ ಬೆಳೆಯದ ನೆಲ ಅದು. ಸೀಲು, ವಾಲ್ರಸ್, ಹಿಮಸಾರಂಗಗಳನ್ನು ಬೇಟೆಯಾಡಿಕೊಂಡು ಸ್ಯಾಡ್ಲರ್‌ಮ್ಯೂಟ್ ಎಂಬ ಜನ ಅಲ್ಲಿ ಬಾಳಿದ್ದರು. 1902-03ರ ಚಳಿಗಾಲದಲ್ಲಿ ತಿಮಿಂಗಿಲ ಬೇಟೆಯ ಹಡಗಿನೊಂದಿಗೆ ಬಂದ ಸೋಂಕು ತಗುಲಿ, ಬೆರಳೆಣಿಕೆಯ ಮಂದಿಯನ್ನು ಬಿಟ್ಟರೆ ಇಡೀ ಕುಲವೇ ಅಳಿದುಹೋಯಿತು. ಅರ್ಧ ಶತಮಾನದ ನಂತರ, 1950ರ ದಶಕದಲ್ಲಿ, ಪುರಾತತ್ವದವರು ನೇಟಿವ್ ಪಾಯಿಂಟ್ ಎಂಬಲ್ಲಿ ಅವರ ಮನೆಗಳನ್ನೂ ಸಮಾಧಿಗಳನ್ನೂ ಅಗೆದರು. ಸಮಾಧಿ ಅಗೆಯುವ ಮುನ್ನ ಅಲ್ಲಿನ ಜನರ ಒಪ್ಪಿಗೆ ಪಡೆಯಬೇಕೆಂಬ ವಿವೇಕ ವಿಜ್ಞಾನಕ್ಕೆ ಇನ್ನೂ ಬಂದಿರದ ಕಾಲ.

ಅಲ್ಲಿ ಸಿಕ್ಕ ಎಲುಬುಗಳನ್ನು ಚಾರ್ಲ್ಸ್ ಮೆರ್ಬ್ಸ್ ಎಂಬ ಮಾನವಶಾಸ್ತ್ರಜ್ಞ ಒಂದೊಂದಾಗಿ ಪರೀಕ್ಷಿಸಿದರು. 1983ರಲ್ಲಿ ಹೊರಬಂದ ಅವರ ಗ್ರಂಥ, ದುಡಿಮೆ ಮನುಷ್ಯರ ಮೂಳೆಯ ಮೇಲೆ ಬಿಟ್ಟುಹೋಗುವ ಗುರುತುಗಳ ಲೆಕ್ಕಪುಸ್ತಕ. ಗಂಡಸರ ತೋಳು, ಭುಜದ ಕೀಲುಗಳಲ್ಲಿ ಈಟಿ ಎಸೆದ, ಹುಟ್ಟು ಹಾಕಿದ ಸವೆತ. ಬೆನ್ನುಮೂಳೆಯಲ್ಲಿ ಜಾರುಬಂಡಿಯ ಕುಲುಕಾಟದ ಏಟು. ಹೆಂಗಸರಲ್ಲಿ ಎದ್ದು ಕಂಡದ್ದು ದವಡೆಯ ಕೀಲು. ಕಿವಿಯ ಪಕ್ಕದಲ್ಲಿ ಕೆಳದವಡೆಯ ತುದಿ ತಲೆಬುರುಡೆಯ ಗುಳಿಯೊಳಗೆ ಕೂರುವ ಆ ಜಾಗದಲ್ಲಿ ಮೂಳೆ ಚಪ್ಪಟೆಯಾಗಿತ್ತು, ಹಳ್ಳ ಬಿದ್ದಿತ್ತು, ಕೆಲವೆಡೆ ನುಣುಪಾಗಿ ಉಜ್ಜಿಹೋಗಿತ್ತು.

ಕಾರಣ ಹುಡುಕಲು ಮೆರ್ಬ್ಸ್ ದೂರ ಹೋಗಬೇಕಾಗಲಿಲ್ಲ. ಆರ್ಕ್ಟಿಕ್‌ನ ಹೆಂಗಸರಿಗೆ ಹಲ್ಲು ಮೂರನೇ ಕೈ. ಸೀಲಿನ ತೊಗಲನ್ನು ಹೆರೆದು ಒಣಗಿಸಿದರೆ ಅದು ಹಲಗೆಯ ಹಾಗೆ ಬಿರುಸಾಗುತ್ತದೆ. ಅದರಿಂದ ಬೂಟು ಹೊಲಿಯಬೇಕಾದರೆ ಮೊದಲು ಅಂಚನ್ನು ಬಾಯೊಳಗಿಟ್ಟು, ದವಡೆ ಹಲ್ಲಿನಿಂದ ಅಗಿದಗಿದು ಎಂಜಲಿನಲ್ಲಿ ನೆನೆಸಿ ಮೆತ್ತಗೆ ಮಾಡಿಕೊಳ್ಳಬೇಕು. ಆಮೇಲೆ ಹೆಬ್ಬೆರಳಿನ ಕಡೆಯೂ ಹಿಮ್ಮಡಿಯ ಕಡೆಯೂ ಅಟ್ಟೆಯ ಅಂಚನ್ನು ಬಾಚಿಹಲ್ಲಿನಲ್ಲಿ ಕಚ್ಚಿಕಚ್ಚಿ ಸಣ್ಣ ಸಣ್ಣ ನೆರಿಗೆ ಹಿಡಿಯಬೇಕು. ನೆರಿಗೆ ಒಂದೇ ಸಮ ಇದ್ದರೆ ಮಾತ್ರ ಹೊಲಿಗೆಯ ಮೂಲಕ ನೀರು ಒಳಗಿಳಿಯುವುದಿಲ್ಲ, ಬೇಟೆಗೆ ಹೋದವನ ಕಾಲು ಮರಗಟ್ಟುವುದಿಲ್ಲ. ಇಷ್ಟಾದ ಮೇಲೂ ಕೆಲಸ ಮುಗಿಯುತ್ತಿರಲಿಲ್ಲ. ರಾತ್ರಿ ಒಣಗಿ ಸೆಟೆದ ಬೂಟನ್ನು ಬೆಳಗಾಗುತ್ತಲೇ ಮತ್ತೆ ಅಗಿದು ಹದ ಮಾಡಿಕೊಡಬೇಕಿತ್ತು. ಮುದುಕಿಯರ ಬಾಚಿಹಲ್ಲು ವಸಡಿನ ಮಟ್ಟಕ್ಕೆ ಸವೆದಿರುತ್ತಿದ್ದುದರಲ್ಲಿ ಆಶ್ಚರ್ಯವೇನಿಲ್ಲ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಆ ಹೆಂಗಸರಿಗೆ ದವಡೆ ನೋಯುತ್ತಿತ್ತೇ? ಮೂಳೆಯಲ್ಲಿ ಸವೆತ ಕಾಣುತ್ತದೆ, ನೋವು ಕಾಣುವುದಿಲ್ಲ. ಈ ಅಧ್ಯಾಯದ ಉದ್ದಕ್ಕೂ ನಾವು ಸುತ್ತುವುದು ಈ ಒಂದು ಪ್ರಶ್ನೆಯ ಸುತ್ತಲೇ. ಕೀಲು ಬದಲಾಗುವುದು ಬೇರೆ, ಕೀಲು ಕಾಯಿಲೆ ಬೀಳುವುದು ಬೇರೆ. ದಂತವೈದ್ಯರ ಮುಖ ಕಾಣದ ಬುಡಕಟ್ಟುಗಳ ದವಡೆಯ ಬಗ್ಗೆ ನೂರು ವರ್ಷದಿಂದ ಬರೆದುದರಲ್ಲಿ ಬಹುಪಾಲು ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿದೆ.

ಮೊದಲು ಕೀಲನ್ನೇ ನೋಡೋಣ. ಎರಡೂ ಕಿವಿಯ ಮುಂದೆ ಒಂದೊಂದು ಬೆರಳಿಟ್ಟು ನಿಧಾನವಾಗಿ ಬಾಯಿ ತೆರೆಯಿರಿ. ಆರಂಭದಲ್ಲಿ ಬೆರಳಿನ ಕೆಳಗಿನ ಗುಬುಟು ಇದ್ದಲ್ಲೇ ಹೊರಳುತ್ತದೆ. ಬಾಯಿ ಸುಮಾರು ಎರಡು ಸೆಂಟಿಮೀಟರ್ ತೆರೆದ ಮೇಲೆ ಗುಬುಟು ಗುಳಿಯನ್ನು ಬಿಟ್ಟು ಮುಂದಕ್ಕೆ ಜಾರುವುದು, ಬೆರಳಡಿ ಹಳ್ಳ ಬೀಳುವುದು ಗೊತ್ತಾಗುತ್ತದೆ. ಹೀಗೆ ಹೊರಳಿ ಆಮೇಲೆ ಜಾರುವುದು ಈ ಕೀಲಿನ ವಿಶೇಷ. ಜೊತೆಗೆ ಎಡದ್ದೂ ಬಲದ್ದೂ ಒಂದೇ ಎಲುಬಿನ ಎರಡು ತುದಿಗಳಾದ್ದರಿಂದ ಒಂದು ಕಡೆ ತೊಡಕಾದರೆ ಇನ್ನೊಂದು ಕಡೆಯದಕ್ಕೂ ನೆಮ್ಮದಿಯಿಲ್ಲ.

ಗುಳಿಗೂ ಗುಬುಟಿಗೂ ನಡುವೆ ಒಂದು ಮೆತ್ತನೆಯ ತಟ್ಟೆಯಿದೆ. ತುಂಬಿದ ಬಿಂದಿಗೆಯ ಕೆಳಗೆ ತಲೆಯ ಮೇಲಿಟ್ಟುಕೊಳ್ಳುವ ಸಿಂಬಿಯ ಹಾಗೆ ಅದು ನಡುವೆ ತೆಳ್ಳಗೆ, ಅಂಚಿನಲ್ಲಿ ದಪ್ಪ. ಗುಬುಟು ಎಲ್ಲಿಗೆ ಜಾರಿದರೂ ಅದರ ಜೊತೆಗೇ ಜಾರುವುದು ತಟ್ಟೆಯ ಕೆಲಸ. ಎಷ್ಟೋ ಜನರಲ್ಲಿ ಅದು ಒಂದಿಷ್ಟು ಮುಂದಕ್ಕೆ ಸರಿದಿರುತ್ತದೆ; ಬಾಯಿ ತೆರೆಯುವಾಗ ಗುಬುಟು ಅದರ ದಪ್ಪ ಅಂಚನ್ನು ಹಾರಿ ಒಳಗೆ ಕೂರುತ್ತದೆ. ಆಗ ಕೇಳುವುದೇ 'ಕಟ್' ಎಂಬ ಸದ್ದು. ಆಕಳಿಸುವಾಗ ಈ ಸದ್ದು ಬರುವವರು ಪ್ರತಿ ಮನೆಯಲ್ಲೂ ಸಿಗುತ್ತಾರೆ. ನೋವಿಲ್ಲದಿದ್ದರೆ ಅದಕ್ಕೆ ಔಷಧಿ ಬೇಕಿಲ್ಲ. ತಟ್ಟೆ ಪೂರ್ತಿ ಮುಂದಕ್ಕೆ ಸರಿದು ಗುಬುಟಿಗೆ ಅಡ್ಡ ನಿಂತರೆ ಮಾತ್ರ ದವಡೆ ಹಿಡಿದುಕೊಳ್ಳುತ್ತದೆ, ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುವುದಿಲ್ಲ.

ಮಂಡಿ, ಸೊಂಟದ ಕೀಲುಗಳ ಮೇಲ್ಮೈಯಲ್ಲಿರುವುದು ಗಾಜಿನಂತೆ ನುಣುಪಾದ ಮೃದ್ವಸ್ಥಿ. ದವಡೆಯ ಕೀಲಿನ ಮೇಲಿನದು ನಾರುನಾರಾದ ಹೊದಿಕೆ. ಇದರಿಂದ ಒಂದು ಅನುಕೂಲವಿದೆ. ಹಲ್ಲು ಸವೆದು, ಬಿದ್ದು, ಕಚ್ಚುವ ರೀತಿ ಬದಲಾದಂತೆಲ್ಲ ಈ ಕೀಲು ವಯಸ್ಸಾದ ಮೇಲೂ ತನ್ನ ಆಕಾರವನ್ನು ತಿದ್ದಿಕೊಳ್ಳಬಲ್ಲದು. ಮೂಳೆ ಚಪ್ಪಟೆಯಾದ ಮಾತ್ರಕ್ಕೆ ಕೀಲು ಕೆಟ್ಟಿದೆ ಎನ್ನಲಾಗದು. ಹೊಸ ಹೊರೆಗೆ ಒಗ್ಗಿಕೊಂಡಿರಲೂಬಹುದು. ಸ್ಯಾಡ್ಲರ್‌ಮ್ಯೂಟ್ ಅಜ್ಜಿಯ ದವಡೆಯಲ್ಲಿ ಎಲ್ಲಿಯವರೆಗೆ ಒಗ್ಗಿಕೆ, ಎಲ್ಲಿಂದ ರೋಗ ಎಂದು ಗೆರೆ ಎಳೆಯಲು ಎಲುಬೊಂದೇ ಸಾಕಾಗುವುದಿಲ್ಲ.

ಇಂಥದೇ ಗೊಂದಲ ಆಸ್ಟ್ರೇಲಿಯಾದಲ್ಲೂ ನಡೆಯಿತು, ಅಲ್ಲಿ ಕಥೆ ಇನ್ನಷ್ಟು ಸ್ವಾರಸ್ಯದ್ದು. ಆಲಿಸ್ ಸ್ಪ್ರಿಂಗ್ಸ್ ಊರಿನಿಂದ ವಾಯವ್ಯಕ್ಕೆ ಸುಮಾರು 300 ಕಿ.ಮೀ. ದೂರದಲ್ಲಿ ಯೂಎಂಡುಮು ಎಂಬ ವಸತಿ. ಮರುಭೂಮಿಯ ವಾರ್ಲ್‌ಪಿರಿ ಜನರನ್ನು ಸರ್ಕಾರ ತಂದು ನೆಲೆಗೊಳಿಸಿದ ಜಾಗ. 1951ರಿಂದ ಎರಡು ದಶಕ ಕಾಲ ಅಡಿಲೇಡ್ ವಿಶ್ವವಿದ್ಯಾಲಯದ ಮರ್ರೆ ಬ್ಯಾರೆಟ್, ಟ್ಯಾಸ್ಮನ್ ಬ್ರೌನ್ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ ಮಕ್ಕಳ ಹಲ್ಲಿನ ಅಚ್ಚು ತೆಗೆದರು. ಬೆಳೆಯುವ ಮಗುವನ್ನೇ ವರ್ಷ ವರ್ಷ ಹಿಂಬಾಲಿಸಿದ್ದರಿಂದ, ಒಂದೇ ಬಾಯಿ ಹತ್ತಾರು ವರ್ಷಗಳಲ್ಲಿ ಹೇಗೆ ಬದಲಾಯಿತೆಂಬ ದಾಖಲೆ ಸಿಕ್ಕಿತು. ನೂರಾರು ಜನರ ಪ್ಲಾಸ್ಟರ್ ಅಚ್ಚುಗಳು ಇಂದಿಗೂ ಅಡಿಲೇಡಿನಲ್ಲಿವೆ.

ಬ್ಯಾರೆಟ್ ಕಂಡ ಸಂಗತಿಯೊಂದು ದಂತವೈದ್ಯ ಪಠ್ಯಕ್ಕೆ ಸರಿಹೊಂದುತ್ತಿರಲಿಲ್ಲ. ಬಾಯಿ ಮುಚ್ಚಿದಾಗ ಎಡ, ಬಲ ಎರಡೂ ಕಡೆಯ ದವಡೆ ಹಲ್ಲುಗಳು ಒಟ್ಟಿಗೆ ಕೂಡಬೇಕು ಎನ್ನುತ್ತದೆ ಪಠ್ಯ. ಅಲ್ಲಿನ ಹಲವರ ಮೇಲ್ದವಡೆ ಎಷ್ಟು ಅಗಲವಿತ್ತೆಂದರೆ ಕೆಳಗಿನ ಹಲ್ಲು ಒಂದು ಸಲಕ್ಕೆ ಒಂದು ಪಕ್ಕದಲ್ಲಿ ಮಾತ್ರ ಕೂಡುತ್ತಿತ್ತು. ಎಡಕ್ಕೆ ಅಗಿಯುವಾಗ ಎಡದವು, ಬಲಕ್ಕೆ ಹೊರಳಿಸಿದಾಗ ಬಲದವು. ಬ್ಯಾರೆಟ್ ಇದನ್ನು 'ಎಕ್ಸ್-ಆಕ್ಲೂಷನ್' ಎಂದು ಕರೆದರು. ನಗರದ ಕ್ಲಿನಿಕ್ಕಿನಲ್ಲಿ ಕಂಡಿದ್ದರೆ ಇದಕ್ಕೆ ದೋಷವೆಂಬ ಹಣೆಪಟ್ಟಿ ಬೀಳುತ್ತಿತ್ತು, ದವಡೆ ನೋವಿಗೆ ಇದೇ ಕಾರಣವೆಂದು ಹಲ್ಲು ಉಜ್ಜಿ ಸರಿಮಾಡುವ ಸಲಹೆಯೂ ಬರುತ್ತಿತ್ತು. ಇಲ್ಲಿ ಅದೇ ಬಾಯಿ ಕಾಂಗರೂ ಮಾಂಸವನ್ನು ಸಲೀಸಾಗಿ ಜಗಿಯುತ್ತಿತ್ತು.

ಅಡಿಲೇಡಿನವರೇ ಆದ ಇನ್ನೊಬ್ಬರು ಈ ಬಾಯಿಗಳಿಂದ ಬೇರೊಂದು ಪಾಠ ಕಲಿತರು. ಪಿ.ಆರ್. ಬೆಗ್ ಎಂಬ ಹಲ್ಲು ಜೋಡಣೆ ತಜ್ಞ ಹಳೆಯ ಆದಿವಾಸಿ ತಲೆಬುರುಡೆಗಳನ್ನು ಅಳೆದು, ಒರಟು ಊಟದಿಂದ ಹಲ್ಲಿನ ಅಕ್ಕಪಕ್ಕಗಳು ಸವೆದು ಹಲ್ಲಿನ ಸಾಲು ಒಟ್ಟಾರೆ ಒಂದು ಸೆಂಟಿಮೀಟರಿನಷ್ಟು ಗಿಡ್ಡವಾಗುತ್ತದೆ ಎಂದು ಲೆಕ್ಕ ಹಾಕಿದರು. 1954ರಲ್ಲಿ ಅದನ್ನು ಪ್ರಕಟಿಸಿದರು. ಮೆತ್ತನೆಯ ಊಟ ಮಾಡುವ ನಮಗೆ ಆ ಸವೆತವಿಲ್ಲ, ಹಾಗಾಗಿ ಹಲ್ಲು ಕಿಕ್ಕಿರಿಯುತ್ತವೆ, ನಾಲ್ಕು ಹಲ್ಲು ಕಿತ್ತು ಜಾಗ ಮಾಡಿದರೆ ತಪ್ಪಿಲ್ಲ ಎಂಬುದು ಅವರ ವಾದ. ಅವರ ಹೆಸರಿನ ತಂತಿ ವಿಧಾನವನ್ನು ಭಾರತದ ದಂತವೈದ್ಯ ಕಾಲೇಜುಗಳಲ್ಲಿ ದಶಕಗಳ ಕಾಲ ಕಲಿಸಿದರು. 1980ರ ಆಸುಪಾಸಿನಲ್ಲಿ ಬೆಂಗಳೂರಿನಲ್ಲೋ ಮಣಿಪಾಲದಲ್ಲೋ ನಾಲ್ಕು ಹಲ್ಲು ಕೀಳಿಸಿಕೊಂಡು ಕ್ಲಿಪ್ ಹಾಕಿಸಿಕೊಂಡವರ ಬಾಯಲ್ಲಿ ಆಸ್ಟ್ರೇಲಿಯಾದ ಮರುಭೂಮಿಯ ಊಟದ ಲೆಕ್ಕಾಚಾರವಿದ್ದಿರುವ ಸಂಭವ ಬಹಳ. ಬೆಗ್ ಅವರ ವಾದವನ್ನು ಇಂದು ಯಾರೂ ಇಡಿಯಾಗಿ ಒಪ್ಪುವುದಿಲ್ಲ, ಅದು ಬೇರೆ ಮಾತು.

ನಮಗೆ ಬೇಕಾದ ಅಧ್ಯಯನ ಬಂದದ್ದು 1981ರಲ್ಲಿ. ಲಿಂಡ್ಸೆ ರಿಚರ್ಡ್ಸ್ ಮತ್ತು ಟ್ಯಾಸ್ಮನ್ ಬ್ರೌನ್ ಆದಿವಾಸಿ ತಲೆಬುರುಡೆಗಳಲ್ಲಿ ಹಲ್ಲಿನ ಸವೆತವನ್ನೂ ದವಡೆ ಕೀಲಿನ ಸಂಧಿವಾತದ ಗುರುತುಗಳನ್ನೂ ಜೊತೆಗಿಟ್ಟು ನೋಡಿದರು. ಎರಡೂ ಒಂದಕ್ಕೊಂದು ತಳುಕು ಹಾಕಿಕೊಂಡಿದ್ದವು. ಆದರೆ ಸವೆತವೂ ವಯಸ್ಸಿನೊಂದಿಗೆ ಏರುತ್ತದೆ, ಕೀಲಿನ ಬದಲಾವಣೆಯೂ ವಯಸ್ಸಿನೊಂದಿಗೆ ಏರುತ್ತದೆ. ಅಜ್ಜನ ಕೂದಲು ನೆರೆತಿದೆ, ಮಂಡಿಯೂ ನೋಯುತ್ತದೆ. ಹಾಗೆಂದು ಮಂಡಿ ನೋವಿಗೆ ನರೆಗೂದಲು ಕಾರಣವಾಗದು. ಮೂಳೆಯ ಆಧಾರದಿಂದ ಹೋಗಬಹುದಾದಷ್ಟು ದೂರ ಇಷ್ಟೇ. ಇನ್ನು ಬದುಕಿರುವವರನ್ನೇ ಕೇಳಬೇಕು.

ಕೇಳಿದವರು ಮಾರ್ಟಿ ಹೆಲ್ಕಿಮೊ. ನಮ್ಮ ದಂತವೈದ್ಯ ವಿದ್ಯಾರ್ಥಿಗಳಿಗೆ ಈ ಹೆಸರು ಪರಿಚಿತ. ದವಡೆ ಕೀಲಿನ ಮೇಲೆ ಸ್ನಾತಕೋತ್ತರ ಪ್ರಬಂಧ ಬರೆದವರಲ್ಲಿ 'ಹೆಲ್ಕಿಮೊ ಇಂಡೆಕ್ಸ್' ಬಳಸದವರು ಕಡಿಮೆ. ಈ ಅಳತೆಗೋಲು ಹುಟ್ಟಿದ್ದು ಯಾವ ಮಹಾನಗರದ ಆಸ್ಪತ್ರೆಯಲ್ಲೂ ಅಲ್ಲ, ಉತ್ತರ ಫಿನ್ಲೆಂಡಿನ ಸಾಮಿ ಬುಡಕಟ್ಟಿನವರನ್ನು ಪರೀಕ್ಷಿಸುವಾಗ. ಆ ಪ್ರದೇಶದ ಒಂದು ಗುಂಪು ಸ್ಕೋಲ್ಟ್ ಸಾಮಿಗಳದು. 1944ರಲ್ಲಿ ಫಿನ್ಲೆಂಡ್ ತನ್ನ ಪೆಟ್ಸಾಮೊ ಪ್ರಾಂತ್ಯವನ್ನು ಸೋವಿಯತ್ ಒಕ್ಕೂಟಕ್ಕೆ ಬಿಟ್ಟುಕೊಡಬೇಕಾಗಿ ಬಂದಾಗ ನೆಲೆ ಕಳೆದುಕೊಂಡು, ಇನಾರಿ ಸರೋವರದ ಸುತ್ತ ಮತ್ತೆ ಮನೆ ಕಟ್ಟಿಕೊಂಡವರು. ಹಿಮಸಾರಂಗ, ಮೀನು ಇವರ ಜೀವನ. ಹಲ್ಲಿನ ವೈದ್ಯರು ಎಂದರೆ ಬಹುದೂರದ ಮಾತು.

ಹೆಲ್ಕಿಮೊ 15ರಿಂದ 65 ವರ್ಷದೊಳಗಿನ 321 ಸಾಮಿಗಳನ್ನು ಪರೀಕ್ಷಿಸಿ, 1974ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರ ಪರೀಕ್ಷೆಯಲ್ಲಿ ಐದು ಅಂಶಗಳು: ದವಡೆ ಎಷ್ಟು ಚಲಿಸುತ್ತದೆ, ಕೀಲು ಸದ್ದು ಮಾಡುತ್ತದೆಯೇ ಅಥವಾ ಹಿಡಿದುಕೊಳ್ಳುತ್ತದೆಯೇ, ಸ್ನಾಯು ಒತ್ತಿದರೆ ನೋಯುತ್ತದೆಯೇ, ಕೀಲು ಒತ್ತಿದರೆ ನೋಯುತ್ತದೆಯೇ, ಅಲುಗಾಡಿಸಿದರೆ ನೋಯುತ್ತದೆಯೇ. ಪ್ರತಿಯೊಂದಕ್ಕೂ ಸೊನ್ನೆ, ಒಂದು ಅಥವಾ ಐದು ಅಂಕ. ಬಾಯಿ 40 ಮಿ.ಮೀ. ಅಥವಾ ಹೆಚ್ಚು ತೆರೆದರೆ ಆ ಬಾಬ್ತಿನಲ್ಲಿ ಅಂಕವಿಲ್ಲ. 30ಕ್ಕಿಂತ ಕಡಿಮೆಯಾದರೆ ಅತಿ ಹೆಚ್ಚು. ಎಲ್ಲ ಕೂಡಿಸಿದರೆ ಸೊನ್ನೆಯಿಂದ 25ರವರೆಗಿನ ಒಂದು ಸಂಖ್ಯೆ. ನೋಡಲು ಎಷ್ಟು ಅಚ್ಚುಕಟ್ಟು!

ಫಲಿತಾಂಶ ಕಂಡು ವೈದ್ಯಲೋಕ ಹುಬ್ಬೇರಿಸಿತು. ದವಡೆಯ ತೊಂದರೆ ಇದೆಯೆಂದು ಬಾಯಿಬಿಟ್ಟು ಹೇಳಿದವರು ನೂರಕ್ಕೆ 57. ಪರೀಕ್ಷೆಯಲ್ಲಿ ಏನಾದರೊಂದು ಲಕ್ಷಣ ಕಂಡವರು ನೂರಕ್ಕೆ 88. ಹಾಗಾದರೆ ಇಡೀ ಬುಡಕಟ್ಟೇ ದವಡೆ ರೋಗಿಯೇ? ಅಳತೆಗೋಲನ್ನೇ ಇನ್ನೊಮ್ಮೆ ನೋಡಿ. ನೋವಿಲ್ಲದ 'ಕಟ್' ಸದ್ದಿಗೂ ಅಲ್ಲಿ ಒಂದು ಅಂಕ. ಒಂದು ಅಂಕ ಬಂದರೆ ಸಾಕು, ಆ ವ್ಯಕ್ತಿ 'ಸೌಮ್ಯ ತೊಂದರೆ'ಯ ವರ್ಗಕ್ಕೆ ಸೇರಿದ. ಆ 88ರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಈ ಸೌಮ್ಯ ವರ್ಗದವರು. ಇದೇ ಗೋಲನ್ನು ಹಿಡಿದು ನಿಮ್ಮ ಕಚೇರಿಯನ್ನೋ ಅಪಾರ್ಟ್‌ಮೆಂಟನ್ನೋ ಅಳೆದರೂ ಅಂಕೆ ದೊಡ್ಡದೇ ಬರುತ್ತದೆ. ಮುಂದೆ ಸ್ವೀಡನ್, ಅಮೆರಿಕದಿಂದ ಬಂದ ಸಮೀಕ್ಷೆಗಳಲ್ಲೂ ಲಕ್ಷಣಗಳ ಅಂಕೆ ದೊಡ್ಡದೇ ಇತ್ತು, ಚಿಕಿತ್ಸೆ ಬೇಕಾದವರು ಮಾತ್ರ ಅದರ ಒಂದು ಸಣ್ಣ ಪಾಲು.

ಆರ್ಕ್ಟಿಕ್‌ನ ದವಡೆ ಉಕ್ಕಿನದು ಎಂಬ ಕಥೆಯನ್ನೂ ಈ ಅಧ್ಯಯನಗಳ ಸರಣಿ ಸ್ವಲ್ಪ ಇಳಿಸಿತು. 1930ರ ದಶಕದಲ್ಲಿ ಅಲಾಸ್ಕಾ ಸುತ್ತಿದ ಲ್ಯೂಮನ್ ವಾ ಎಂಬ ಅಮೆರಿಕನ್ ದಂತವೈದ್ಯ, ಇನ್ಯೂಟರು ಕಚ್ಚುವ ಬಲವನ್ನು ಅಳೆದು 348 ಪೌಂಡ್, ಅಂದರೆ 158 ಕೆ.ಜಿ.ವರೆಗಿನ ಅಂಕೆ ದಾಖಲಿಸಿದ್ದರು. 1977ರಲ್ಲಿ ಇ. ಹೆಲ್ಕಿಮೊ ಮತ್ತು ಸಂಗಡಿಗರು ಸ್ಕೋಲ್ಟ್ ಸಾಮಿಗಳಲ್ಲಿ ಅಳೆದಾಗ ದವಡೆ ಹಲ್ಲಿನ ಸರಾಸರಿ ಬಲ ಗಂಡಸರಲ್ಲಿ ಸುಮಾರು 38 ಕೆ.ಜಿ., ಹೆಂಗಸರಲ್ಲಿ ಸುಮಾರು 22. ಒಂದು ಗರಿಷ್ಠ, ಇನ್ನೊಂದು ಸರಾಸರಿ, ಉಪಕರಣವೂ ಬೇರೆ. ನೇರ ಹೋಲಿಕೆ ಸಲ್ಲದು. ಆದರೂ ಒಳಗಿನ ವ್ಯತ್ಯಾಸ ಸ್ಪಷ್ಟವಾಗಿತ್ತು. ಬಲವನ್ನು ನಿರ್ಧರಿಸಿದ್ದು ಕುಲವಲ್ಲ, ಬಾಯಲ್ಲಿ ಉಳಿದ ಹಲ್ಲು. ಕಟ್ಟಿಸಿದ ಹಲ್ಲಿನವರು ಕಚ್ಚುವ ಬಲ ತೀರಾ ಕಡಿಮೆ. ಅಂಗಡಿಯ ಸಕ್ಕರೆ, ಹಿಟ್ಟು ಬಂದಷ್ಟು ಬೇಗ ಹಲ್ಲಿನ ವೈದ್ಯರು ಬಾರದ ಊರಿನಲ್ಲಿ ಕೆಟ್ಟ ಹಲ್ಲಿಗೆ ಉಳಿದ ಮದ್ದು ಕೀಳುವುದೊಂದೇ.

ಈಗ ಇನ್ನೊಂದು ಸಮೀಕ್ಷೆ. ಗಡಿಯಾಚೆ ಉತ್ತರ ಸ್ವೀಡನ್ನಿನಲ್ಲಿ, ಉಮಿಯೋ ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸ್ಟಾರ್ಮ್ ಮತ್ತು ಆಂಡರ್ಸ್ ವೆನ್ಮನ್ 487 ಸಾಮಿ ಮಹಿಳೆಯರನ್ನು ವಿಚಾರಿಸಿ 2006ರಲ್ಲಿ ಬರೆದರು. ಅವರು ಅಂಕ ಕೂಡಿಸಲಿಲ್ಲ, ಪದೇ ಪದೇ ಕಾಡುವ ತೊಂದರೆ ಇದೆಯೇ ಎಂದು ಕೇಳಿದರು. ಹೌದೆಂದವರು ನೂರಕ್ಕೆ ಸುಮಾರು 17. ಜೊತೆಗೆ ತಲೆನೋವು, ಕತ್ತು ನೋವು ಎಷ್ಟೋ ಮಂದಿಗೆ. ದೇಶ ಬೇರೆ, ಕಾಲ ಬೇರೆ, ಇಲ್ಲಿ ಬರಿಯ ಹೆಂಗಸರು, ನಿಜ. ಆದರೂ 88ಕ್ಕೂ 17ಕ್ಕೂ ನಡುವಿನ ಕಂದಕ ಮುಖ್ಯವಾಗಿ ಪ್ರಶ್ನೆಯದು ಎಂದೇ ನನ್ನ ಅನಿಸಿಕೆ. ಮೊದಲನೆಯವರು ಕೀಲನ್ನು ಮುಟ್ಟಿ ನೋಡಿದರು, ಎರಡನೆಯವರು ಕೀಲಿನ ಒಡತಿಯನ್ನು ಕೇಳಿದರು. 17 ಸಣ್ಣ ಅಂಕೆಯೂ ಅಲ್ಲ. ಆರು ಹೆಂಗಸರಲ್ಲಿ ಒಬ್ಬಳಿಗೆ ಊಟ, ಮಾತು, ಆಕಳಿಕೆ ಎಲ್ಲವೂ ಆಗಾಗ ಹಿಂಸೆ.

ದವಡೆ ನೋವಿರುವ ಈ ಜನರಿಗೆ ಏನು ಬೇಕು? ದವಡೆಗೆ ಒಂದಿಷ್ಟು ವಿಶ್ರಾಂತಿ, ಕೆಲವು ವಾರ ಮೆತ್ತನೆಯ ಊಟ, ಬಿಸಿ ಶಾಖ, ಬೇಕಾದರೆ ಕೆಲ ದಿನ ನೋವಿನ ಮಾತ್ರೆ, ದವಡೆಯ ಸರಳ ವ್ಯಾಯಾಮ, ಮತ್ತು ಇದು ಕ್ಯಾನ್ಸರ್ ಅಲ್ಲ, ಹೆದರಬೇಡಿ ಎಂದು ಕೂತು ವಿವರಿಸುವ ಒಬ್ಬರು. ಬಹಳಷ್ಟು ಮಂದಿ ಇಷ್ಟರಲ್ಲೇ ಗುಣ ಕಾಣುತ್ತಾರೆ. ಇಲ್ಲಿ ಅಮೆರಿಕದ ಒಂದು ಪ್ರಕರಣವನ್ನು ನೆನಪಿಸಲೇಬೇಕು. 1980ರ ದಶಕದಲ್ಲಿ ಹ್ಯೂಸ್ಟನ್ನಿನ ವೈಟೆಕ್ ಕಂಪನಿ ಟೆಫ್ಲಾನ್ ಬೆರೆತ ಕೃತಕ ತಟ್ಟೆಗಳನ್ನು ಮಾರಿತು. ಸಾವಿರಾರು ಜನರ, ಅವರಲ್ಲೂ ಹೆಂಗಸರೇ ಹೆಚ್ಚು, ದವಡೆ ಬಿಚ್ಚಿ ಅದನ್ನು ಕೂರಿಸಿದರು. ಅಗಿಯುವ ಒತ್ತಡಕ್ಕೆ ತಟ್ಟೆ ಚೂರಾಯಿತು, ಆ ಚೂರುಗಳ ವಿರುದ್ಧ ದೇಹ ಸಿಡಿದೆದ್ದು ಸುತ್ತಲಿನ ಮೂಳೆಯನ್ನೇ ತಿಂದುಹಾಕಿತು. ಕೆಲವರಲ್ಲಿ ಮಿದುಳಿನ ಕೆಳಗಿನ ತೆಳು ಮೂಳೆಯವರೆಗೂ ತೂತು ಬಿತ್ತು. 1990ರ ನಂತರ ಅಲ್ಲಿನ ಔಷಧ ನಿಯಂತ್ರಣ ಇಲಾಖೆ ಅವನ್ನು ವಾಪಸ್ ತರಿಸಿಕೊಂಡಿತು. ದವಡೆಯ ವಿಷಯದಲ್ಲಿ ಚಿಕಿತ್ಸೆ ಅತಿಯಾಗಿ ಸಿಕ್ಕವರೂ ಕೆಟ್ಟಿದ್ದಾರೆ ಎಂಬುದನ್ನು ಮರೆತು, 'ಪಾಪ, ಅವರಿಗೆ ತಜ್ಞರಿಲ್ಲ' ಎಂದು ಮರುಗುವುದರಲ್ಲಿ ಅರ್ಥವಿಲ್ಲ.

ಹಾಗೆಂದು ವೈದ್ಯರಿಲ್ಲದಿರುವುದೇ ಕ್ಷೇಮ ಎಂದೂ ಅಲ್ಲ. ಸಮಯಕ್ಕೆ ಸರಿಯಾಗಿ ಯಾರಾದರೂ ನೋಡದಿದ್ದರೆ ಬದುಕನ್ನೇ ಕಸಿಯುವ ದವಡೆ ಕಾಯಿಲೆಗಳಿವೆ, ಅವು ನಿಜಕ್ಕೂ ಕಾಡುವುದು ದೂರದ ಊರುಗಳನ್ನೇ.

ಮೊದಲನೆಯದು ರುಮಟಾಯ್ಡ್ ಸಂಧಿವಾತ. ಅಮೆರಿಕದ ಕೆಲವು ಮೂಲನಿವಾಸಿ ಜನಾಂಗಗಳಲ್ಲಿ, ಅರಿಜೋನಾದ ಪೀಮಾ ಜನರೂ ಸೇರಿ, ಈ ಕಾಯಿಲೆ ಜಗತ್ತಿನ ಉಳಿದ ಭಾಗಕ್ಕಿಂತ ಹಲವು ಪಟ್ಟು ಹೆಚ್ಚು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆರಗುವ ಈ ರೋಗ ಕೈಬೆರಳಿನಲ್ಲಿ ಮೊದಲು ಕಾಣುತ್ತದೆ, ದವಡೆಯ ಕೀಲಿಗೆ ಸದ್ದಿಲ್ಲದೆ ನುಗ್ಗುತ್ತದೆ. ಮಕ್ಕಳಿಗೆ ಬರುವ ಸಂಧಿವಾತ ಇನ್ನೂ ಕಠಿಣ. ಕೆಳದವಡೆ ಉದ್ದಕ್ಕೆ ಬೆಳೆಯುವ ಒಂದು ಮುಖ್ಯ ಜಾಗ ಆ ಗುಬುಟಿನಲ್ಲೇ ಇದೆ. ಅದು ಹಾಳಾದರೆ ಮಗುವಿನ ಗದ್ದ ಹಿಂದೆಯೇ ಉಳಿದುಬಿಡುತ್ತದೆ. ಮಗು ನೋವೆಂದು ಅಳದಿರಬಹುದು, ಬಾಯಿ ಮಾತ್ರ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ.

ಎರಡನೆಯದು ಕೀಲು ಬೆಸೆದುಕೊಳ್ಳುವುದು. ಮರ ಹತ್ತಿದ ಹುಡುಗ ಗದ್ದ ಊರಿ ಬೀಳುತ್ತಾನೆ. ಗದ್ದದ ಗಾಯಕ್ಕೆ ಅರಿಶಿನ ಹಚ್ಚಿ ಎಲ್ಲರೂ ಮರೆಯುತ್ತಾರೆ. ಏಟಿನ ಬಲ ಮೇಲಕ್ಕೆ ಹೋಗಿ ಕಿವಿಯ ಮುಂದಿನ ಗುಬುಟನ್ನು ಮುರಿದಿರುತ್ತದೆ. ಒಳಗೆ ರಕ್ತ ಹೆಪ್ಪುಗಟ್ಟಿ, ನೋವೆಂದು ಹುಡುಗ ಬಾಯಿ ಅಲುಗಿಸದೆ, ತಿಂಗಳುಗಳಲ್ಲಿ ಆ ಜಾಗ ಮೂಳೆಯಾಗಿ ಬುರುಡೆಗೆ ಅಂಟಿಕೊಳ್ಳುತ್ತದೆ. ಕಿವಿ ಸೋರುವ ಸೋಂಕು ಕೀಲಿಗೆ ಇಳಿದರೂ ಇದೇ ಗತಿ. ಆಮೇಲೆ ಹಲ್ಲಿನ ಸಂದಿಯಲ್ಲಿ ಗಂಜಿ ಹೀರಬೇಕು, ಹಲ್ಲುಜ್ಜಲಾಗದು, ಗದ್ದ ಬೆಳೆಯದೆ ನಾಲಿಗೆ ಹಿಂದಕ್ಕೆ ಸರಿದು ರಾತ್ರಿ ಉಸಿರೇ ಸಿಕ್ಕಿಕೊಳ್ಳುತ್ತದೆ. ಶ್ರೀಮಂತ ದೇಶಗಳ ಶಸ್ತ್ರಚಿಕಿತ್ಸಕರಿಗೆ ಅಪರೂಪವಾದ ಈ ಪ್ರಕರಣ ನಮ್ಮ ದೇಶದ ಶಸ್ತ್ರಚಿಕಿತ್ಸಕರಿಗೆ ಚಿರಪರಿಚಿತ. ಬಿದ್ದ ಮೊದಲ ವಾರದಲ್ಲೇ ಯಾರಾದರೂ ಕಂಡುಹಿಡಿದು, ದಿನವೂ ಬಾಯಿ ತೆರೆಸುವ ವ್ಯಾಯಾಮ ಮಾಡಿಸಿದ್ದರೆ ಬಹುತೇಕ ಮಕ್ಕಳಿಗೆ ಆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತಿರಲಿಲ್ಲ. ಸಹಾರಾ ಅಂಚಿನ ಬಡ ಮಕ್ಕಳ ಮುಖ ಕೊಳೆಸುವ ನೋಮಾ ಎಂಬ ಕಾಯಿಲೆಯಲ್ಲೂ ಬದುಕುಳಿದವರ ದವಡೆ ಕಲೆಗಟ್ಟಿ ಮುಚ್ಚಿಕೊಳ್ಳುತ್ತದೆ. ಅದನ್ನು ವಿಶ್ವ ಆರೋಗ್ಯ ಸಂಸ್ಥೆ ನಿರ್ಲಕ್ಷಿತ ಉಷ್ಣವಲಯ ರೋಗಗಳ ಪಟ್ಟಿಗೆ ಸೇರಿಸಿದ್ದೇ 2023ರಲ್ಲಿ.

ಇಲ್ಲಿ ಮೊದಲು ಬೇಕಾದದ್ದು ತಜ್ಞರೂ ಅಲ್ಲ, ಯಂತ್ರವೂ ಅಲ್ಲ. ಊರಿನಲ್ಲೇ ಇರುವ, ಬಾಯಿ ನೋಡಲು ಬಲ್ಲ ಒಬ್ಬ ಮನುಷ್ಯ. ಅಲಾಸ್ಕಾದ ಮೂಲನಿವಾಸಿ ಆರೋಗ್ಯ ಸಂಸ್ಥೆಗಳು ಇದನ್ನು ಮಾಡಿ ತೋರಿಸಿವೆ. ವಿಮಾನದಲ್ಲೋ ದೋಣಿಯಲ್ಲೋ ಮಾತ್ರ ತಲುಪಬಹುದಾದ ಹಳ್ಳಿಗಳು, ವರ್ಷಕ್ಕೊಮ್ಮೆಯೋ ಎರಡು ಸಲವೋ ಬಂದುಹೋಗುವ ದಂತವೈದ್ಯರು. 2003ರಲ್ಲಿ ಆ ಸಂಸ್ಥೆಗಳು ತಮ್ಮದೇ ಯುವಕ ಯುವತಿಯರನ್ನು ಎರಡು ವರ್ಷದ ತರಬೇತಿಗೆ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯಕ್ಕೆ ಕಳಿಸಿದವು. 1921ರಿಂದ ಶಾಲಾ ದಂತದಾದಿಯರನ್ನು ತಯಾರು ಮಾಡಿದ ಅನುಭವ ಆ ದೇಶಕ್ಕಿತ್ತು. ಮರಳಿ ಬಂದವರು ತಮ್ಮ ಸೀಮೆಯಲ್ಲೇ ಹುಳುಕು ತುಂಬುವ, ಹಲ್ಲು ಕೀಳುವ, ದೊಡ್ಡ ತೊಂದರೆ ಕಂಡರೆ ನಗರಕ್ಕೆ ಕಳಿಸುವ ಕೆಲಸ ಹಿಡಿದರು. ಅಮೆರಿಕದ ದಂತವೈದ್ಯರ ಸಂಘ ಇದನ್ನು ತಡೆಯಲು 2006ರಲ್ಲಿ ಕೋರ್ಟಿಗೆ ಹೋಯಿತು. ಮರುವರ್ಷ ವ್ಯಾಜ್ಯ ರಾಜಿಯಲ್ಲಿ ಮುಗಿದು, ತರಬೇತಿ ಅಲಾಸ್ಕಾದಲ್ಲೇ ಆರಂಭವಾಯಿತು. ಹಳ್ಳಿಗೆ ತಾವೂ ಹೋಗದೆ ಹೋಗುವವರನ್ನೂ ಬಿಡದ ಈ ವೃತ್ತಿಪ್ರೇಮ ಅಮೆರಿಕಕ್ಕೆ ಮಾತ್ರ ಸೀಮಿತವಲ್ಲ.

ಅಂಥವರ ಕೈಗೆ ಕೊಡಬೇಕಾದ ಅಳತೆಗೋಲು ಯಾವುದು? 25 ಅಂಕದ ಹೆಲ್ಕಿಮೊ ಪಟ್ಟಿಯಂತೂ ಅಲ್ಲ. ಸ್ವೀಡನ್ನಿನ ವೆಸ್ಟರ್‌ಬಾಟೆನ್ ಪ್ರಾಂತ್ಯದಲ್ಲಿ, ಅದೂ ಸಾಮಿ ಸೀಮೆಯ ಒಂದು ಭಾಗವೇ, 2010ರಿಂದ ಸರ್ಕಾರಿ ದಂತ ಚಿಕಿತ್ಸಾಲಯಕ್ಕೆ ಬಂದವರಿಗೆ ಮೂರು ಪ್ರಶ್ನೆ ಕೇಳುತ್ತಾರೆ. ವಾರಕ್ಕೊಮ್ಮೆಯಾದರೂ ಕಣತಲೆ, ಮುಖ, ದವಡೆ ನೋಯುತ್ತದೆಯೇ? ವಾರಕ್ಕೊಮ್ಮೆಯಾದರೂ ಬಾಯಿ ತೆರೆದಾಗ, ಅಗಿದಾಗ ನೋಯುತ್ತದೆಯೇ? ವಾರಕ್ಕೊಮ್ಮೆಯಾದರೂ ದವಡೆ ಹಿಡಿದುಕೊಳ್ಳುತ್ತದೆಯೇ? 'ಕಟ್' ಸದ್ದಿನ ಬಗ್ಗೆ ಪ್ರಶ್ನೆಯಿಲ್ಲ.

ನಮ್ಮಲ್ಲಿಗೆ ಇವನ್ನು ತರುವುದಾದರೆ ನಾಲ್ಕನೆಯದೊಂದನ್ನು ಸೇರಿಸಬೇಕು: ಖಾರ ತಿಂದರೆ ಬಾಯಿ ಉರಿಯುತ್ತದೆಯೇ? ಕರ್ನಾಟಕದಲ್ಲಿ ಬಾಯಿ ತೆರೆಯಲಾಗದೆ ಬರುವ ಎಷ್ಟೋ ಮಂದಿಯ ಕೀಲು ಸರಿಯಾಗಿಯೇ ಇರುತ್ತದೆ. ಕೆನ್ನೆಯ ಒಳಪದರ ನಾರುಗಟ್ಟಿರುತ್ತದೆ. ಕಾರಣ ಅಡಿಕೆ. ಅದರಲ್ಲಿನ ಅರೆಕೊಲಿನ್ ಎಂಬ ಸಾರ ನಾರು ನೇಯುವ ಕೋಶಗಳನ್ನು ಕೆರಳಿಸುತ್ತದೆ, ಅಡಿಕೆಯಲ್ಲಿರುವ ತಾಮ್ರ ಆ ನಾರು ಕರಗದಂತೆ ಬಿಗಿಯಾಗಲು ನೆರವಾಗುತ್ತದೆ. ವೈದ್ಯಸಾಹಿತ್ಯದಲ್ಲಿ ಇದನ್ನು ಮೊದಲು ವರ್ಣಿಸಿದ್ದು 1952ರಲ್ಲಿ, ಪೂರ್ವ ಆಫ್ರಿಕಾದಲ್ಲಿ ನೆಲೆಸಿದ್ದ ಐವರು ಭಾರತೀಯ ಹೆಂಗಸರಲ್ಲಿ. ಆರಂಭದ ಗುರುತು ಖಾರಕ್ಕೆ ಉರಿ; ಆಮೇಲೆ ಮೂರು ಬೆರಳು ಹೋಗುತ್ತಿದ್ದ ಬಾಯಿಗೆ ಎರಡು, ಆಮೇಲೆ ಒಂದು. ಇವರಲ್ಲಿ ಕೆಲವರಿಗೆ ಮುಂದೆ ಬಾಯಿ ಕ್ಯಾನ್ಸರ್ ಬರುತ್ತದೆ. ಎಲೆಯಡಿಕೆ, ಹೊಗೆಸೊಪ್ಪು ಕಾಡಂಚಿನ ಹಾಡಿಗಳಲ್ಲೂ ಇದೆ, ಗುಟ್ಕಾ ಪೇಟೆಯ ಬೀದಿಬೀದಿಯಲ್ಲೂ ಇದೆ. ದೇಶದಲ್ಲೇ ಅತಿ ಹೆಚ್ಚು ದಂತವೈದ್ಯ ಕಾಲೇಜುಗಳಿರುವ ರಾಜ್ಯಗಳಲ್ಲೊಂದು ನಮ್ಮದು; ಹಾಡಿಯಿಂದ ಹತ್ತಿರದ ಡೆಂಟಲ್ ಕುರ್ಚಿಗೆ ಹೋಗಬೇಕಾದರೆ ಒಂದು ದಿನದ ಕೂಲಿ ಬಿಡಬೇಕು.

ಈ ಪ್ರಶ್ನೆ ಕೇಳುವವರು ಈಗಾಗಲೇ ಊರೂರಿನಲ್ಲಿ ಇದ್ದಾರೆ. ಆಶಾ ಕಾರ್ಯಕರ್ತೆಯರು ಬಿಪಿ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ತಪಾಸಣೆಗೆಂದು ಮನೆಮನೆಯಲ್ಲಿ ತುಂಬುವ ಸಮುದಾಯ ಪರಿಶೀಲನಾ ನಮೂನೆಯಲ್ಲಿ 'ಬಾಯಿ ತೆರೆಯಲು ಕಷ್ಟವಾಗುತ್ತದೆಯೇ' ಎಂಬ ಸಾಲು ಇದೆ. ಆದರೆ ನಮೂನೆ ಇರುವುದು 30 ದಾಟಿದವರಿಗೆ. ಗುಟ್ಕಾ ಜಗಿಯುವವನ ಬಾಯಿ ಇಪ್ಪತ್ತರಲ್ಲೇ ಕಿರಿದಾಗತೊಡಗುತ್ತದೆ, ಮರದಿಂದ ಬಿದ್ದ ಹುಡುಗನಿಗೆ ಎಂಟೋ ಹತ್ತೋ ವರ್ಷ.